ಬಲಗಡೆಯ ಹೂ

"ತಾಯೀನೇ ಸೀನಿಸಿದ್ದು ಕಣಮ್ಮ ನಿಮ್ಮ ಸೊಸೇನ! ಇಲ್ಲದಿದ್ರೆ ಇಷ್ಟು ಹೊತ್ತಿಗೆ ನಾವೆಲ್ಲ ಆಸ್ಪತ್ರೆ ಬಾಗಿಲಲ್ಲಿ ನಿಂತಿರ್ತಿದ್ವಿ," ಅಂದ ಭಾನುಪ್ರಕಾಶ್, ಗುಡಿಯ ಮೆಟ್ಟಿಲ ಕೆಳಗೆ ಶೂ ಬಿಚ್ಚುತ್ತಾ.

ಒಳಗೆ ಕೂತು ಕೋಡಿ ಮಾರಮ್ಮನ ಮುಖಕ್ಕೆ ಅರಿಸಿನ ಮೆತ್ತುತ್ತಿದ್ದ ಅಂಜನಮ್ಮ ತಿರುಗಿ ನೋಡಲಿಲ್ಲ. "ಬಜ್ಜಿ ಗಾಡಿ ಮೆಣಸಿನ್ಕಾಯಿ ಘಾಟಿಗೆ ಸೀನು ಬಂತು ಅಂತ ಅವ್ಳೇ ಏಳ್ತಾವ್ಳಲ್ಲಪ್ಪ."

"ಆ ಘಾಟು ಕಳಿಸಿದ್ದು ಯಾರು ಮತ್ತೆ? ಸರಿಯಾಗಿ ಆ ಹೊತ್ತಿಗೇ ಯಾಕೆ ಬರ್ಬೇಕಿತ್ತು?"

ಅಂಜನಮ್ಮ ಅರಿಸಿನದ ಬಟ್ಟಲಿಗೆ ಮತ್ತೆ ಬೆರಳು ಅದ್ದಿದಳು. ನಿನ್ನೆ ಸಂಜೆಯಿಂದ ತಾನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದದ್ದೂ ಇದನ್ನೇ. ತಾಯಿ ಕಾಪಾಡಿದಳು, ತಾಯಿ ಕಣ್ಣುಬಿಟ್ಟಳು ಅಂತ. ಆದರೆ ಅದೇ ಮಾತು ಈತನ ಬಾಯಿಂದ ಬಂದಾಗ ಯಾಕೋ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಯಿತು.

ನಡೆದದ್ದು ಇಷ್ಟು. ಗುಡಿಯ ಹಿಂದಿನ ಗೋಡೆಗೆ ಅಂಟಿಕೊಂಡೇ ಭಾನುಪ್ರಕಾಶನ ಶೆಡ್ಡು. ಅಲ್ಲಿ ಒಂದು ದೊಡ್ಡ ಪವರ್ ಪ್ರೆಸ್ಸು. ಅಂಜನಮ್ಮನ ಸೊಸೆ ವೇಣಿ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತು ವಾಷರ್ ಹೊಡೆಯುತ್ತಾಳೆ. ತಗಡು ಇಡಬೇಕು, ಕೈ ಹೊರಗೆ ತೆಗೀಬೇಕು, ಪೆಡಲ್ ತುಳೀಬೇಕು. ಮೇಲಿನ ಕಬ್ಬಿಣ ಒಂದೇ ಒಂದು ಸಲ ಬಂದು ಗುದ್ದಿ ಮೇಲಕ್ಕೆ ಹೋಗಿ ನಿಲ್ಲುತ್ತದೆ. ಮತ್ತೆ ಕೈ ಒಳಗೆ. ದಿನಕ್ಕೆ ಸಾವಿರಾರು ಸಲ. ನಿನ್ನೆ ಸೋಮವಾರ, ಹತ್ತೂವರೆ ಟೀಗೆ ಮುಂಚೆ, ಕೈ ಒಳಗೆ ಹಾಕಬೇಕು ಅನ್ನುವಷ್ಟರಲ್ಲಿ ವೇಣಿ ಸೀನಿದಳು. ಒಂದೇ ಸೀನು. ಒಂಟಿ ಸೀನು ಬಂದರೆ ಹಿಡಿದ ಕೆಲಸ ಬಿಟ್ಟು ಒಂದು ಗಳಿಗೆ ಸುಮ್ಮನೆ ಕೂರಬೇಕು ಅನ್ನುವುದು ಅಂಜನಮ್ಮನ ಮನೆಯ ಪದ್ಧತಿ; ಸೊಸೆಗೆ ಅದನ್ನು ಕಲಿಸಿದವಳೂ ಅವಳೇ. ವೇಣಿ ಎರಡು ಕೈಯನ್ನೂ ಮಡಿಲಿಗೆ ಹಾಕಿಕೊಂಡು ಕೂತಳು. ಆಗ, ಪೆಡಲ್ ಮೇಲೆ ಕಾಲೇ ಇಲ್ಲದಿರುವಾಗ, ಪ್ರೆಸ್ಸು ತಾನಾಗಿ ಇನ್ನೊಂದು ಸಲ ಧಡ್ ಎಂದು ಇಳಿದು ಹೋಯಿತು. ಆಗಿನಿಂದ ಅದನ್ನು ನಿಲ್ಲಿಸಿಟ್ಟಿದ್ದರು.

ಇದಕ್ಕೆ ಪೀಣ್ಯದ ಶೆಡ್ಡುಗಳಲ್ಲಿ "ಡಬಲ್ ಹೊಡೀತು" ಅನ್ನುತ್ತಾರೆ. ಡಬಲ್ ಹೊಡೆತಕ್ಕೆ ಬೆರಳು ಕೊಟ್ಟವರು ಯಾರು ಅಂತ ಕೇಳಬೇಕಾಗಿಲ್ಲ, ಅವರು ಟೀ ಲೋಟ ಹಿಡಿಯುವ ರೀತಿಯಲ್ಲೇ ಗೊತ್ತಾಗುತ್ತದೆ.

"ಈಗ ಏನು ಮಾಡ್ಬೇಕು ಅಂತಿದ್ದೀಯಪ್ಪ?" ಅಂದಳು ಅಂಜನಮ್ಮ.

"ಹೂ ಕೇಳೋಣ ಅಂತ ಬಂದೆ. ಶುಕ್ರವಾರದೊಳಗೆ ಮಾಲು ಹೋಗ್ಬೇಕು. ನಮ್ಮ ದೇವರಾಜ ನೋಡಿದ್ರೆ ಒಂದೇ ಹೊಡೆತಕ್ಕೆ ನಿಲ್ಲಿಸೋ ಕ್ಲಚ್ಚು ಬಿಚ್ಚಬೇಕು, ಮೂರು ದಿನ ಬೇಕು ಅಂತಾನೆ. ಹನ್ನೊಂದು ವರ್ಷದಲ್ಲಿ ಒಂದೇ ಸಲ ಹೀಗಾಗಿರೋದು. ತಾಯಿ ಬಲಗಡೆ ಕೊಟ್ರೆ ಈಗ್ಲೇ ಶುರು ಮಾಡ್ತೀವಿ. ಎಡಗಡೆ ಕೊಟ್ರೆ ಬಿಚ್ಚಿಸ್ತೀನಿ. ಅವಳು ಹೇಳಿದ ಹಾಗೆ."

ಭಾನುಪ್ರಕಾಶ್ ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಹನ್ನೊಂದು ವರ್ಷದ ಹಿಂದೆ ಹಳೇ ಸ್ಕೂಟರಿನಲ್ಲಿ ಬಂದು ಶೆಡ್ಡು ಹಾಕಿದವನು, ಶೆಡ್ಡಿಗೆ ಈ ತಾಯಿಯ ಹೆಸರನ್ನೇ ಇಟ್ಟಿದ್ದ. ಗುಡಿಯ ನೆಲಕ್ಕೆ ಟೈಲ್ಸ್ ಹಾಕಿಸಿದವನೂ ಅವನೇ. ವೇಣಿಯ ಬಾಣಂತನದಲ್ಲಿ ಮೂರು ತಿಂಗಳು ಅವಳ ಕೆಲಸ ಉಳಿಸಿಟ್ಟಿದ್ದ. ಯಾವ ಮಿಷನ್ನಿಗೂ ಕುಂಕುಮ ಇಡದೆ ಅವನು ಸ್ವಿಚ್ಚು ಹಾಕಿದವನಲ್ಲ.

ಇನ್ನು ಹೂ ಕೇಳುವುದು. ಒದ್ದೆ ಮಾಡಿದ ಕಣಗಿಲೆ ಹೂಗಳನ್ನು ಕಲ್ಲಿನ ತಾಯಿಯ ಎರಡು ಭುಜಕ್ಕೂ ಅಂಟಿಸಿ, ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು ಕೂರಬೇಕು. ಬಲಗಡೆಯದು ಮೊದಲು ಬಿದ್ದರೆ ತಾಯಿ ಒಪ್ಪಿದಳು. ಎಡಗಡೆಯದು ಬಿದ್ದರೆ ಬೇಡ ಅಂದಳು. ಕೆರೆ ಇದ್ದ ಕಾಲದಿಂದ ನಡೆದು ಬಂದದ್ದು ಇದು. ಕೆರೆ ಹೋಯಿತು, ಕೆರೆಯ ಕೋಡಿ ಹೋಯಿತು, ರಾಗಿ ಹೊಲಗಳ ಮೇಲೆ ಶೆಡ್ಡುಗಳು ಎದ್ದವು, ಮೂರು ಕಡೆ ಗೋಡೆ ಬಂದು ಗುಡಿ ಬೆಂಕಿಪೊಟ್ಟಣದಷ್ಟಾಯಿತು. ತಾಯಿ ಮಾತ್ರ ಕೂತಲ್ಲೇ ಕೂತಿದ್ದಳು. ಅಂಜನಮ್ಮನ ಗಂಡ ನಲ್ಲಪ್ಪ ಪೂಜೆ ಮಾಡುತ್ತಿದ್ದ. ಶೆಡ್ಡು ಬಂದ ವರ್ಷ ಅವನು ತೀರಿಕೊಂಡಾಗ ಮೈದುನಂದಿರು ಒಬ್ಬ ಲಾರಿ, ಒಬ್ಬ ಮನೆ ಬಾಡಿಗೆ ದಲ್ಲಾಳಿ ಅಂತ ಆಗಿಹೋಗಿದ್ದರು. ಮಗ ಬಸು ನೀರಿನ ಟ್ಯಾಂಕರು ಓಡಿಸುತ್ತಿದ್ದ. ಅಂಜನಮ್ಮ ತಾನೇ ಗಂಟೆ ಕೈಗೆ ತಗೊಂಡಳು. ಹೆಂಗಸು ಪೂಜೆ ಮಾಡುವುದೇನು ಅಂತ ನಾಲ್ಕು ಜನ ಗೊಣಗಿದರು. ಆದರೆ ಅವಳು ಕೂತಮೇಲೆ ತಾಯಿ ಬಲಗಡೆಗೇ ಹೂ ಕೊಡುತ್ತಾ ಹೋದಳು. ಮದುವೆಗೆ, ಸೈಟಿಗೆ, ಮಕ್ಕಳ ಸ್ಕೂಲಿಗೆ, ಯಾವುದಕ್ಕೆ ಕೇಳಿದರೂ ಬಲಗಡೆ. ಗೊಣಗುವವರ ಬಾಯಿ ಮುಚ್ಚಿಹೋಯಿತು. ಜಾಲಹಳ್ಳಿಯಿಂದ, ದಾಸರಹಳ್ಳಿಯಿಂದ ಜನ ಬರತೊಡಗಿದರು. "ಬಲಗಡೆ ತಾಯಿ" ಅಂತಲೇ ಹೆಸರಾಯಿತು.

ಹೂ ಅಂಟಿಸಿ ಅಂಜನಮ್ಮ ಪಕ್ಕಕ್ಕೆ ಸರಿದು ಕೂತಳು. ಮೆಟ್ಟಿಲ ಮೇಲೆ ಭಾನುಪ್ರಕಾಶ್ ಕೈಮುಗಿದು ನಿಂತ. ಹಿಂದೆ ಶೆಡ್ಡಿನ ಏಳೆಂಟು ಜನ. ವೇಣಿ ಎಲ್ಲರಿಗಿಂತ ಮುಂದೆ, ತಲೆಸ್ನಾನ ಮಾಡಿ ಬಂದಿದ್ದಳು. ಅತ್ತೆಯ ಮುಖ ನೋಡಿ ನಕ್ಕಳು. ಅಂಜನಮ್ಮ ಆ ನಗುವಿನಿಂದ ಕಣ್ಣು ಕಿತ್ತು ಹೂವಿನ ಕಡೆ ನೋಡಿದಳು. ಹೂ ಬಲಕ್ಕೆ ಬಿದ್ದರೆ ಈ ಹುಡುಗಿ ಹೋಗಿ ಅದೇ ಸ್ಟೂಲಿನ ಮೇಲೆ ಕೂತು ಕೈ ಒಳಗೆ ಇಡುತ್ತಾಳೆ. ಬಲಕ್ಕೆ ಬೀಳದೆ ಇನ್ನೆಲ್ಲಿಗೆ ಬೀಳುತ್ತದೆ?

ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ಹೂ ಅಲುಗಲಿಲ್ಲ.

"ನೀರು ಜಾಸ್ತಿ ಆಯ್ತೇನೋ," ಅಂದ ಮೆಕ್ಯಾನಿಕ್ ದೇವರಾಜ್. ಐವತ್ತು ದಾಟಿದ ಮನುಷ್ಯ, ಗ್ರೀಸು ಹತ್ತಿದ ಕೈಯನ್ನು ದೇವರಿಗೆ ಕಾಣದ ಹಾಗೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ನೀನು ಸುಮ್ನಿರೋ. ತಾಯಿ ಯೋಚ್ನೆ ಮಾಡ್ತಿದ್ದಾಳೆ," ಅಂದ ಭಾನುಪ್ರಕಾಶ್.

ಮೆಟ್ಟಿಲ ಅಂಚಿನಲ್ಲಿ ಕೂತಿದ್ದ ಶಶಿಕಲಾ ನಿಟ್ಟುಸಿರು ಬಿಟ್ಟಳು. ಅವಳು ಶೆಡ್ಡಿನಲ್ಲಿ ಮಾಲಿನ ಕ್ವಾಲಿಟಿ ನೋಡುವವಳು. ಜಾಲಹಳ್ಳಿ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅವರಪ್ಪ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ರಿಟೈರಾದವರು. ಮಾತಿಗೊಮ್ಮೆ "ನಮ್ಮಪ್ಪನ ಫ್ಯಾಕ್ಟರೀಲಿ ಹೀಗಲ್ಲ" ಅನ್ನುವುದು ಅವಳ ಅಭ್ಯಾಸ. ಶೆಡ್ಡಿನವರಿಗೆ ಅದು ಕೇಳಿ ಕೇಳಿ ಸಾಕಾಗಿತ್ತು.

"ನಮ್ಮಪ್ಪನ ಫ್ಯಾಕ್ಟರೀಲಿ ಆಗಿದ್ರೆ ಇಷ್ಟು ಹೊತ್ತಿಗೆ ಕ್ಲಚ್ ಬಿಚ್ಚಿ ಹರಡಿರ್ತಿದ್ರು," ಅಂದಳು, ಅಂಜನಮ್ಮನಿಗಷ್ಟೇ ಕೇಳುವ ಹಾಗೆ.

"ಒಂದೇ ಸಲ ಆಗಿದ್ದಲ್ವೇನವ್ವ. ಎಂಗೋ ಏನೋ ಆಗೋಯ್ತು ಅಂತಾರೆ ಅವ್ರು."

"ಹೇಗೋ ಏನೋ ಆಗೋದು ಬೇರೆ ಅಜ್ಜಿ. ಕೇಳಿ ಇಲ್ಲಿ. ನಾನು ದಿನಾ ವಾಷರ್ ಅಳೀತೀನಿ. ಸಾವಿರ ಅಳೆದ್ರೂ ಎರಡು ಒಂದೇ ಥರ ಇರಲ್ಲ. ಒಂದು ಕೂದಲೆಳೆ ದಪ್ಪ, ಒಂದು ಕೂದಲೆಳೆ ತೆಳು. ಅದು ಸುಮ್ನೆ ಚಾನ್ಸು, ಕಾರಣ ಹುಡುಕಲ್ಲ. ಆದ್ರೆ ಏಳು ವಾಷರ್ ಸಾಲಾಗಿ ಒಂದೇ ಕಡೆಗೆ ವಾಲ್ಕೊಂಡ್ರೆ ಅದು ಚಾನ್ಸ್ ಅಲ್ಲ. ಹಿಂದೆ ಏನೋ ಇದೆ ಅಂತ ಅರ್ಥ. ಮಿಷನ್ ನಿಲ್ಸಿ ನೋಡ್ಲೇಬೇಕು."

ಅಂಜನಮ್ಮ ತಲೆಯಾಡಿಸಿದಳು. ಒಂದು ಗಳಿಗೆ ಕಳೆದು ಅವಳ ತಲೆ ನಿಂತುಬಿಟ್ಟಿತು.

"ಏಳಕ್ಕೇ ನಿಲ್ಲಿಸ್ಬೇಕಾ?"

"ಏಳಕ್ಕೇ."

"ಮತ್ತೆ ಅನ್ನೊಂದು ವರ್ಸ ಒಂದೇ ಕಡೆಗೆ ಬಿದ್ರೆ?"

ಶಶಿಕಲಾಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳು ತಾಯಿಯ ಬಲಭುಜದ ಕಡೆ ನೋಡಿದಳು, ಹಿಂದಿನ ಗೋಡೆಯ ಕಡೆ ನೋಡಿದಳು, ಅಂಜನಮ್ಮನ ಕಡೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

ನಲ್ಲಪ್ಪನ ಕಾಲದಲ್ಲಿ ಎಡಕ್ಕೂ ಬೀಳುತ್ತಿತ್ತು. ಅದು ಅಂಜನಮ್ಮನಿಗೆ ಚೆನ್ನಾಗಿ ನೆನಪಿದೆ; ಎಡಕ್ಕೆ ಬಿದ್ದದ್ದಕ್ಕೆ ಊರಿನ ಗೌಡರ ಮನೆಯ ಒಂದು ಸಂಬಂಧವೇ ಮುರಿದಿತ್ತು. ಯಾವಾಗಿನಿಂದ ಬಲಕ್ಕೇ ಬೀಳತೊಡಗಿತು? ಶೆಡ್ಡು ಬಂದ ಮೇಲೆ. ಭಾನುವಾರ ಕೇಳಿದರೆ ಯಾಕೆ ಬೀಳುವುದೇ ಇಲ್ಲ? "ಭಾನುವಾರ ತಾಯಿಗೂ ರಜೆ ಕಣ್ರಪ್ಪ, ಮಂಗಳವಾರ ಬನ್ನಿ" ಅಂತ ಎಷ್ಟು ಜನಕ್ಕೆ ತಮಾಷೆ ಮಾಡಿ ಕಳಿಸಿದ್ದಳು! ಗೋಡೆಯ ಆ ಕಡೆ ಪ್ರೆಸ್ಸು ಗುದ್ದುವಾಗ ಆರತಿ ತಟ್ಟೆಯ ಮೇಲಿನ ಕರ್ಪೂರದ ಬಿಲ್ಲೆ ಕುಣಿಯುವುದನ್ನು ದಿನಾ ನೋಡಿದ್ದಾಳೆ. ಕರ್ಪೂರ ಕುಣಿದರೆ ಹೂ ಕುಣಿಯುವುದಿಲ್ಲವೇ?

"ದೇವರಾಜಣ್ಣ, ನಿಮ್ಮ ರಸಮಟ್ಟ ಕೊಡಿ ಇಲ್ಲಿ," ಅಂದಳು ಶಶಿಕಲಾ. ಗಾರೆಯವರು, ಮಿಷನ್ ಕೂರಿಸುವವರು ಇಟ್ಟುಕೊಳ್ಳುವ, ಗಾಜಿನ ಕೊಳವೆಯಲ್ಲಿ ನೀರಿನ ಗುಳ್ಳೆ ಓಡಾಡುವ ಪಟ್ಟಿ. ಅಂಜನಮ್ಮ ಅದನ್ನು ಸೆರಗಿನಲ್ಲಿ ಒರೆಸಿ, ತಾನೇ ತಾಯಿಯ ಪೀಠದ ಮೇಲೆ ಇಟ್ಟಳು. ಗುಳ್ಳೆ ನಡುವೆ ನಿಲ್ಲಲಿಲ್ಲ. ತಾಯಿಯ ಎಡಕ್ಕೆ ಏರಿ ಕೂತಿತು. ಅಂದರೆ ತಾಯಿ ಬಲಕ್ಕೆ ವಾಲಿದ್ದಳು. ಶೆಡ್ಡಿನ ಪಾಯ ತೋಡಿದಾಗ ಮಣ್ಣು ಕುಸಿದು ಆಗಿರಬೇಕು, ಒಂದು ಬತ್ತಿಯಷ್ಟು, ಕಣ್ಣಿಗೆ ಕಾಣದಷ್ಟು.

"ಏನಮ್ಮ ಅದು, ಗುಡಿ ಒಳಗೆ ಟೂಲ್ಸು?" ಅಂದ ಭಾನುಪ್ರಕಾಶ್.

ಅಂಜನಮ್ಮನ ಕಿವಿಗೆ ಅವನ ಮಾತು ಬೀಳಲಿಲ್ಲ. ಅವಳಿಗೆ ನೆನಪಾಗುತ್ತಿದ್ದದ್ದು ಬೇರೆ. ನಾಲ್ಕು ವರ್ಷದ ಹಿಂದೆ ವೇಣಿ ಬಂದು "ಅತ್ತೆ, ಹಿಂದುಗಡೆ ಶೆಡ್ಡಲ್ಲಿ ಕೆಲಸ ಐತಂತೆ, ಹೋಗ್ಲಾ?" ಅಂದಿದ್ದಳು. ಬಸು ಬೇಡ ಅಂದಿದ್ದ. ಅಂಜನಮ್ಮ ಹೂ ಅಂಟಿಸಿ ಕೇಳಿದ್ದಳು. ಗೋಡೆಯಾಚೆ ಪ್ರೆಸ್ಸು ಧಡ್ ಧಡ್ ಅನ್ನುತ್ತಿತ್ತು. ಹೂ ಬಲಕ್ಕೆ ಬಿತ್ತು. "ತಾಯಿ ಒಪ್ಪವ್ಳೆ, ಓಗು" ಅಂದಿದ್ದಳು. ಅಂದರೆ ಆವತ್ತು ಅಪ್ಪಣೆ ಕೊಟ್ಟವರು ಯಾರು? ಪ್ರೆಸ್ಸೇ ತನಗೊಂದು ಜೊತೆ ಕೈ ಬೇಕು ಅಂತ ಕೇಳಿ ಕರೆಸಿಕೊಂಡಿತೇ?

ಅಂಜನಮ್ಮ ಸಿಟ್ಟಿನಿಂದ ರಸಮಟ್ಟವನ್ನು ಎತ್ತಿ ಪಕ್ಕಕ್ಕಿಟ್ಟಳು.

"ದೇವರಾಜ," ಅಂದ ಭಾನುಪ್ರಕಾಶ್ ವಾಚು ನೋಡಿಕೊಂಡು, "ಹೂ ಬೀಳೋ ಹೊತ್ತಿಗೆ ಲೇಟಾಗೋದು ಬೇಡ. ನೀನು ಹೋಗಿ ಖಾಲಿ ಓಡ್ಸು. ಯಾರೂ ಹತ್ರ ಹೋಗ್ಬೇಡಿ. ಸುಮ್ನೆ ಹತ್ತು ಸಲ ಹೊಡೀಲಿ, ಮತ್ತೆ ಡಬಲ್ ಹೊಡೀತದಾ ನೋಡೋಣ."

ದೇವರಾಜ್ ಹೋದ. ಮೋಟಾರು ಗುಂಯ್ ಅಂದಿತು. ಮೊದಲ ಗುದ್ದು. ಎರಡನೆಯದು. ಮೂರನೆಯದಕ್ಕೆ ತಾಯಿಯ ಬಲಭುಜದ ಕಣಗಿಲೆ ಜಾರಿ, ಒಂದು ಗಳಿಗೆ ಅರಿಸಿನಕ್ಕೆ ಅಂಟಿ ನಿಂತು, ತೊಪ್ಪನೆ ಪೀಠದ ಮೇಲೆ ಬಿತ್ತು.

"ಕೊಟ್ಳು! ಬಲಗಡೆ ಕೊಟ್ಳು ತಾಯಿ!" ಭಾನುಪ್ರಕಾಶನ ಕಣ್ಣು ನಿಜಕ್ಕೂ ತುಂಬಿತ್ತು. ಹಿಂದಿದ್ದವರೆಲ್ಲ ಗಲ್ಲ ಬಡಿದುಕೊಂಡರು. ವೇಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೇಬಿಟ್ಟಳು. ಗೋಡೆಯಾಚೆ ಡಬಲ್ ಹೊಡೆಯದೆ ಹತ್ತು ಗುದ್ದು ಮುಗಿದು ಮೋಟಾರು ಮಾತ್ರ ಗುಂಯ್‌ಗುಡುತ್ತಿತ್ತು.

ಬಿದ್ದ ಹೂವನ್ನು ಪೂಜಾರಿ ಎತ್ತಿ ಕೇಳಿದವರ ಕೈಗೆ ಕೊಡಬೇಕು, ಅವರು ಕಣ್ಣಿಗೊತ್ತಿಕೊಳ್ಳಬೇಕು. ಅಲ್ಲಿಗೆ ಮುಗಿಯಿತು. ಭಾನುಪ್ರಕಾಶ್ ಎರಡೂ ಅಂಗೈ ಚಾಚಿದ. ಅಂಜನಮ್ಮ ಹೂ ಎತ್ತಿಕೊಂಡು ತನ್ನ ಮುಷ್ಟಿಯಲ್ಲಿ ಹಿಡಿದಳು.

"ಇದ್ನ ನಿಂಗೆ ಕೊಡಾಕಿಲ್ಲ ಕಣಪ್ಪ."

"ಯಾಕಮ್ಮ?"

"ಇದು ತಾಯಿ ಕೊಟ್ಟಿದ್ದಲ್ಲ. ನಿನ್ ಪ್ರೆಸ್ಸು ಕೊಟ್ಟಿದ್ದು. ಅದು ಗುದ್ದಿದ್ರೆ ಗೋಡೆ ಅಲ್ಲಾಡ್ತದೆ, ಗೋಡೆ ಅಲ್ಲಾಡಿದ್ರೆ ಊವು ಬೀಳ್ತದೆ. ತಾಯಿ ಬಲಕ್ಕೆ ವಾಲವ್ಳೆ, ಅದ್ಕೇ ಬಲಕ್ಕೇ ಬೀಳ್ತದೆ. ಬೇಕಾದ್ರೆ ಎಲ್ರೂ ಬಂದು ನೋಡ್ರಿ."

ಭಾನುಪ್ರಕಾಶನ ಚಾಚಿದ ಕೈ ಚಾಚಿದ ಹಾಗೇ ಇತ್ತು.

"ಅಂಜನಮ್ಮಾ, ಏನು ಮಾತಾಡ್ತಿದ್ದೀರಿ ಅಂತ ಗೊತ್ತಾ? ನನ್ನ ಮಗಳ ಮದುವೆಗೆ ಇಲ್ಲೇ ಹೂ ಕೇಳಿದ್ದು ನಾನು. ನೀವೇ ಕೈಯಾರೆ ಕೊಟ್ರಿ. ಹಾಗಾದ್ರೆ ಅದೂ ಸುಳ್ಳಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಯಾವ್ದು ತಾಯಿದು, ಯಾವ್ದು ನಿನ್ ಪ್ರೆಸ್ಸಿಂದು, ಈಗ ಯಾರು ಆರಿಸಿಕೊಡ್ತಾರೆ? ಮಗ್ಳು ಚೆನ್ನಾಗವ್ಳೆ, ಅಳಿಯ ಚಿನ್ನದಂತೋನು. ಅದ್ರಲ್ಲಿ ತಾಯಿ ಇಲ್ಲ ಅಂತ ನಾನೆಲ್ಲಿ ಏಳ್ದೆ? ಊವು ಕೊಟ್ಟಿದ್ದು ಅವಳು ಅಂತ ಮಾತ್ರ ಇನ್ಮ್ಯಾಕೆ ನನ್ ಬಾಯಲ್ಲಿ ಬರಾಕಿಲ್ಲ. ತಪ್ಪು ನಂದೇ. ಅನ್ನೊಂದು ವರ್ಸ ಒಂದೇ ಕಡೆ ಬಿದ್ದಾಗ್ಲೂ ಯಾಕೆ ಅಂತ ಕೇಳ್ನಿಲ್ಲ. ಒಳ್ಳೇದೇ ಏಳ್ತಾವ್ಳಲ್ಲ ಅಂತ ಸುಮ್ಕಿದ್ದೆ."

ಶಶಿಕಲಾಗೆ ತಡೆಯಲಾಗಲಿಲ್ಲ. "ಅಷ್ಟೇ ಸಾರ್. ಬರೀ ವೈಬ್ರೇಶನ್ನು. ಇದರಲ್ಲಿ ದೇವರೂ ಇಲ್ಲ ಏನೂ ಇಲ್ಲ."

ಅಂಜನಮ್ಮ ಅವಳ ಕಡೆಗೂ ಅಷ್ಟೇ ಬಿರುಸಾಗಿ ತಿರುಗಿದಳು. "ನೀನು ಸುಮ್ಕಿರವ್ವ! ತಾಯಿ ವಾಲವ್ಳೆ ಅಂತ ನಿಮ್ ರಸಮಟ್ಟ ತೋರಿಸ್ತು, ಒಪ್ಕೊಂಡೆ. ತಾಯೀನೇ ಇಲ್ಲ ಅಂತ ಅದ್ರಲ್ಲಿ ಯಾವ ಗುಳ್ಳೆ ತೋರಿಸ್ತು?"

ಯಾರೋ ಕಿಸಕ್ಕೆಂದರು. ಶಶಿಕಲಾ ಕೆಂಪಾದಳು, ಆದರೆ ಬಿಡುವವಳಲ್ಲ. "ಅಲ್ಲ ಅಜ್ಜಿ, ಸುಮ್ನೆ ತಾನಾಗಿ ಬೀಳೋದಕ್ಕೆ ದೇವರು ಯಾಕೆ ಬೇಕು? ಒಂದೋ ಅವಳು ಮಾಡಿದ್ದು, ಇಲ್ಲಾ ತಾನಾಗಿ ಆಗಿದ್ದು. ಎರಡೂ ಹೇಗಾಗುತ್ತೆ?"

"ನೀನು ರಾಗಿ ಚೆಲ್ಲಿದ್ದೀಯಾ ಯಾವತ್ತಾದ್ರೂ?"

"ಇಲ್ಲ."

"ಈ ಶೆಡ್ಡಿರೋ ಜಾಗದಾಗೆ ನಾನು ಚೆಲ್ಲಿದ್ದೀನಿ. ಕೈ ಬೀಸಿ ಎರಚೋದು. ಯಾವ ಕಾಳು ಎಲ್ಲಿ ಬಿತ್ತು ಅಂತ ಯಾರೂ ನೋಡಾಕಿಲ್ಲ. ಒಂದು ಬದಕ್ಕೆ, ಒಂದು ಗುಬ್ಬಿ ಬಾಯಿಗೆ, ಅಡ್ಡಾದಿಡ್ಡಿ. ಅದು ನಿನ್ ಚಾನ್ಸು ಅಂತಲೇ ಇಟ್ಕೊ. ಆದ್ರೆ ಬಿದ್ದ ಕಾಳು ಅಡ್ಡಡ್ಡ ಬಿದ್ರೂ, ತಲೆಕೆಳಗಾಗಿ ಬಿದ್ರೂ, ಬೇರು ಕೆಳಕ್ಕೇ ಓಯ್ತದೆ, ತೆನೆ ಮ್ಯಾಕೇ ಬರ್ತದೆ. ಒಂದಾದ್ರೂ ದಾರಿ ತಪ್ಪಿದ್ದು ನೋಡಿದ್ದೀಯಾ? ಚೆಲ್ಲೋವಾಗ ತಾಯಿ ಕೈ ಇಡ್ಕೊಂಡು ಇಲ್ಲಿ ಆಕು, ಅಲ್ಲಿ ಆಕು ಅನ್ನಾಕಿಲ್ಲ. ಅಂಗಂತ ಬೆಳೆ ಅವ್ಳ್ದಲ್ಲ ಅಂತೀಯಾ? ಎಲ್ಲೆಲ್ಲಿ ಬೀಳ್ತದೋ ಬೀಳ್ಲಿ ಅಂತ ಬುಟ್ಟು, ಬೀಳೋದ್ರ ಒಟ್ಟೇಲಿ ದಾರಿ ಇಟ್ಟವ್ಳೆ. ನಮ್ ಒಟ್ಟೇಲೂ ಇಟ್ಟವ್ಳೆ. ತಲೇಲೂ ಇಟ್ಟವ್ಳೆ. ಅದ್ನ ನಾವು ಬಳಸ್ದೆ ಊವು ಬೀಳ್ಲಿ ಅಂತ ಕುಂತ್ಕೊಂಡ್ರೆ ಅವ್ಳೇನು ಮಾಡ್ತಾಳೆ?"

ಶಶಿಕಲಾ ಉತ್ತರಕ್ಕೆ ಬಾಯಿ ತೆಗೆದಳು. ಭಾನುಪ್ರಕಾಶ್ ಕೈಯೆತ್ತಿ ತಡೆದ. ಅವನ ಮುಖ ಬಿಗಿದಿತ್ತು.

"ವಾದ ಎಲ್ಲ ಬೇಡ. ಪ್ರೆಸ್ಸು ಗುದ್ದಿದ್ದಕ್ಕೇ ಬಿತ್ತು ಅಂತಲೇ ಇಟ್ಕೊಳ್ಳಿ. ಆ ಪ್ರೆಸ್ಸು ಗುದ್ದೋ ಹಾಗೆ ಮಾಡಿದ್ದೂ ಅವಳೇ ಅಲ್ವಾ? ನೀವೇ ಹೇಳಿದ ಲೆಕ್ಕದಲ್ಲಿ ಅದೂ ಅವಳ ಇಚ್ಛೇನೇ. ನಿನ್ನೆ ಕಾಪಾಡಿದೋಳು ಇವತ್ತು ಕಾಪಾಡಲ್ವಾ? ವೇಣಿ, ನೀನು ಹೇಳಮ್ಮ. ನಿಂಗೆ ತಾಯಿ ಮೇಲೆ ನಂಬಿಕೆ ಇದೆಯೋ ಇಲ್ವೋ?"

ವೇಣಿ ಅತ್ತೆಯನ್ನು ನೋಡಿದಳು, ಓನರನ್ನು ನೋಡಿದಳು. "ಐತೆ ಸಾರ್. ನಾನು ಕೂತ್ಕೊತೀನಿ ಅತ್ತೆ. ಏನೂ ಆಗಾಕಿಲ್ಲ. ನಿನ್ನೆ ಆದ್ಮೇಲೆ ನಂಗೆ ಧೈರ್ಯಾನೇ ಜಾಸ್ತಿ ಬಂದೈತೆ."

ಅಂಜನಮ್ಮನಿಗೆ ಅತ್ಯಂತ ಭಯವಾದದ್ದು ಆ ಮಾತಿಗೆ. ಓನರಿನ ಅವಸರಕ್ಕೆ ಬೈಯಬಹುದು, ಶಶಿಕಲಾಳ ಮಾತಿಗೆ ಮಾತು ಕೊಡಬಹುದು. ಈ ಧೈರ್ಯವನ್ನು ಏನು ಮಾಡುವುದು? ಇದನ್ನು ಕೊಟ್ಟವಳೂ ತಾನೇ. ನಿನ್ನೆ ಸಂಜೆ ಸೊಸೆಯ ಹತ್ತು ಬೆರಳಿಗೂ ಮುತ್ತಿಟ್ಟು, "ತಾಯಿ ನಿನ್ ಕೈ ಬುಡಾಕಿಲ್ಲ ಕಣೆ" ಅಂದಿದ್ದಳು.

"ತಾಯಿಗೆ ಬೇರೆ ಕೆಲ್ಸ ಇಲ್ವೇನೆ? ನಿನ್ ಮುಂದೆ ಕುಂತ್ಕೊಂಡು ಗಳಿಗೆಗೊಂದು ಸೀನು ಕಳಿಸ್ತಾ ಇರಾಕೆ?" ಅಂದಳು. "ಒಂದು ಸಲ ಎಚ್ಚರಿಸವ್ಳೆ. ಎದ್ದು ನೋಡ್ರೋ ಅಂತ. ನಾವು ಏನು ಮಾಡ್ತಾ ಇದ್ದೀವಿ? ಎಚ್ಚರ ಆಯ್ತಲ್ಲ, ಇನ್ನೊಂದು ನಿದ್ದೆ ಮಾಡಾಣ ಅಂತ ಮಗ್ಗುಲಾಯ್ತಾ ಇದ್ದೀವಿ."

"ಅಮ್ಮಾ, ನೀವು ಹೂ ಕೊಡ್ದೇ ಇದ್ರೆ ಬೇರೆ ಪೂಜಾರೀನ ಕರೆಸ್ತೀನಿ," ಅಂದ ಭಾನುಪ್ರಕಾಶ್. ಹೇಳಿದ ಮೇಲೆ ತನಗೇ ನಾಚಿಕೆಯಾದವನ ಹಾಗೆ ಮುಖ ತಿರುಗಿಸಿದ.

"ಕರೆಸು. ಯಾರು ಬಂದ್ರೂ ನಿನ್ ಪ್ರೆಸ್ಸು ಓಡ್ತಿದ್ರೆ ಬಲಗಡೇನೇ ಕೊಡ್ತದೆ. ಪಾಪ, ಅದಕ್ಕೆ ಬೇರೆ ಏನೂ ಗೊತ್ತಿಲ್ಲ."

ಅಷ್ಟು ಹೇಳಿ ಅಂಜನಮ್ಮ ಎದ್ದಳು. ಸೊಂಟ ಹಿಡಿದುಕೊಂಡು ಮೆಟ್ಟಿಲಿಳಿದಳು. ಜನ ದಾರಿ ಬಿಟ್ಟರು. ಗುಡಿ ಸುತ್ತಿ, ತಗಡಿನ ಗೇಟು ದೂಡಿ, ಶೆಡ್ಡಿನ ಒಳಗೆ ನಡೆದಳು. ಹನ್ನೊಂದು ವರ್ಷದಲ್ಲಿ ಆಯುಧಪೂಜೆಯ ದಿನ ಬಿಟ್ಟು ಅವಳು ಅಲ್ಲಿಗೆ ಕಾಲಿಟ್ಟವಳಲ್ಲ. ಎಣ್ಣೆಯ ವಾಸನೆ, ಕಾಲಿಗೆ ಚುಚ್ಚುವ ತಗಡಿನ ಚೂರು. ಪ್ರೆಸ್ಸಿನ ದೊಡ್ಡ ಚಕ್ರ ತಿರುಗುತ್ತಲೇ ಇತ್ತು. ಹಿಂದೆ ಎಲ್ಲರೂ ದುಡುದುಡು ಓಡಿ ಬಂದರು.

ಅಂಜನಮ್ಮ ವೇಣಿಯ ಸ್ಟೂಲಿನ ಮೇಲೆ ಕೂತಳು. ಬಲಗೈಯ ಮುಷ್ಟಿ ಬಿಚ್ಚಿದಳು. ಹಿಚುಕಿದ ಕಣಗಿಲೆ ಅಂಗೈಗೆ ಅಂಟಿತ್ತು. ಆ ಕೈಯನ್ನು ಹಾಗೇ, ಅಂಗೈ ಮೇಲಾಗಿ, ಎರಡು ಕಬ್ಬಿಣದ ನಡುವೆ ಚಾಚಿದಳು.

"ಅತ್ತೇ!"

"ಯಾರೂ ಅತ್ರ ಬರ್ಬ್ಯಾಡ್ರಿ! ಬಾರಪ್ಪ ಭಾನುಪ್ರಕಾಸ. ಊವು ಬಲಗಡೇನೇ ಬಿದ್ದೈತೆ. ತಾಯಿ ಅಪ್ಪಣೆ ಆಗೈತೆ ಅಂತೀಯಲ್ಲ. ಇಗೋ, ಪೂಜೆ ಮಾಡೋ ಕೈ. ನೀನು ಪೆಡಲ್ ಮೇಲೆ ಕಾಲಿಡು. ತುಳೀಬ್ಯಾಡ. ಸುಮ್ಕೆ ಇಟ್ಕೊಂಡು ನೂರು ಎಣಿಸು. ಡಬಲ್ ಒಡ್ಯಾಕಿಲ್ಲ ಅಂತ ನಿಂಗೆ ನಂಬ್ಕೆ ಐತಲ್ಲ?"

"ಕೈ ತೆಗೀರಿ ಅಮ್ಮಾ! ದಯವಿಟ್ಟು ತೆಗೀರಿ!"

"ಯಾಕೆ? ನನ್ ಸೊಸೆ ಕೈ ದಿನಕ್ಕೆ ಸಾವಿರ ಸಲ ಇಡ್ಬೋದಂತೆ. ನಾನು ಒಂದು ಸಲ ಇಟ್ಟಿದ್ದೀನಿ. ತಾಯಿ ಅವ್ಳ್ನ ಕಾಪಾಡ್ತಾಳೆ, ನನ್ನ ಬುಟ್ಟುಬುಡ್ತಾಳಾ? ಎಣಿಸು!"

ಮೋಟಾರು ಗುಂಯ್‌ಗುಡುತ್ತಿತ್ತು. ಅವಳ ಮಣಿಕಟ್ಟಿನ ಮೇಲೆ, ಒಂದು ಗೇಣು ಮೇಲೆ, ಹೊಳೆಯುವ ಕಬ್ಬಿಣ ನಿಂತಿತ್ತು. ಅದರಿಂದ ಒಂದು ಹನಿ ಎಣ್ಣೆ ಇಳಿದು ಅಂಗೈಯ ಮೇಲೆ ಬಿತ್ತು. ಅಂಜನಮ್ಮ ಕೈ ತೆಗೆಯಲಿಲ್ಲ. ಮನಸ್ಸಿನಲ್ಲಿ ಅವಳು ತಾಯಿಯನ್ನು ಬೈಯುತ್ತಿದ್ದಳು. ಯಾವತ್ತೂ ಬೈಯದಷ್ಟು, ಮೈದುನಂದಿರನ್ನು ಬೈಯುವ ಮಾತಿನಲ್ಲಿ ಬೈಯುತ್ತಿದ್ದಳು. ನೀನು ಇದ್ದೀಯಾ ಅಂತ ನಾನು ಅಷ್ಟು ಜನರ ಮುಂದೆ ಹೇಳಿ ಬಂದಿದ್ದೀನಿ ಕಣೆ ಅನ್ನುತ್ತಿದ್ದಳು. ಹೂ ಬೇಡ, ಸೀನು ಬೇಡ, ಈ ಮನುಷ್ಯನ ತಲೆಯೊಳಗೆ ಇಟ್ಟಿದ್ದೀಯಲ್ಲ, ಅದು ಸ್ವಲ್ಪ ಅಲ್ಲಾಡಲಿ.

ಭಾನುಪ್ರಕಾಶ್ ಪೆಡಲಿನ ಹತ್ತಿರ ಬರಲಿಲ್ಲ. ಅವನು ಗೋಡೆಯ ಕಡೆಗೆ ಓಡಿದ. ಮೇನ್ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಿಂದ ಕೆಳಕ್ಕೆ ಎಳೆದ. ಗುಂಯ್ ಅನ್ನುವುದು ನಿಂತಿತು. ಚಕ್ರ ಮಾತ್ರ ಇನ್ನೂ ಸುತ್ತುತ್ತಿತ್ತು. ದೇವರಾಜ್ ಅಂಜನಮ್ಮನ ತೋಳು ಹಿಡಿದು ಹೊರಗೆಳೆದ. ಗ್ರೀಸಿನ ಕೈ ಅನ್ನುವುದನ್ನು ಅವನೂ ಮರೆತಿದ್ದ, ಅವಳೂ ಮರೆತಿದ್ದಳು.

"ಬಿಚ್ಚು," ಅಂದ ಭಾನುಪ್ರಕಾಶ್. "ಪೂರ್ತಿ ಬಿಚ್ಚು ದೇವರಾಜ. ಕ್ಲಚ್ಚು, ಕೀ, ಸ್ಪ್ರಿಂಗು, ಎಲ್ಲ. ಮೂರು ದಿನ ಅಲ್ಲ, ಆರು ದಿನ ಆಗ್ಲಿ. ಮುಂದುಗಡೆ ಕೈ ಹೋಗದ ಹಾಗೆ ಜಾಲರಿ ಹಾಕು. ಮಾಲು ತಗೊಳ್ಳೋರಿಗೆ ನಾನು ಫೋನ್ ಮಾಡಿ ಲೇಟು ಅಂತೀನಿ."

"ನಮ್ಮಪ್ಪನ ಫ್ಯಾಕ್ಟರೀಲಿ..." ಅಂದಳು ಶಶಿಕಲಾ.

"ನಿಮ್ಮಪ್ಪನ್ನೇ ಕರ್ಕೊಂಡು ಬಾ ತಾಯಿ, ಬಂದು ಕೂತ್ಕೊಂಡು ಮಾಡಿಸ್ಲಿ," ಅಂದ ದೇವರಾಜ್.

ವೇಣಿ ಅಳುತ್ತಾ ಅತ್ತೆಯ ಅಂಗೈಯ ಎಣ್ಣೆಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ಭಾನುಪ್ರಕಾಶ್ ಬಂದು ಪಕ್ಕದ ತಗಡಿನ ಅಟ್ಟಿಯ ಮೇಲೆ ಕುಸಿದು ಕೂತ.

"ಅಂಜನಮ್ಮಾ," ಅಂದ ಕೊನೆಗೆ. "ಒಂದು ಮಾತು ಕೇಳ್ಲಾ? ಅಲ್ಲಿ ಕೈ ಇಟ್ಟಾಗ ನಿಮಗೆ ಭಯ ಆಗ್ಲಿಲ್ವಾ? ತಾಯಿ ಕಾಪಾಡ್ತಾಳೆ ಅಂತ ಅಷ್ಟು ನಂಬಿಕೆನಾ?"

"ಭಯ ಆಗ್ದೇ ಇರ್ತದಾ? ಮನಸಲ್ಲೇ ತಾಯೀನ ಬೈತಾ ಕುಂತಿದ್ದೆ." ಅಂಜನಮ್ಮ ಸೊಸೆಯ ಕೈಯಿಂದ ಸೆರಗು ಬಿಡಿಸಿದಳು. "ಪ್ರೆಸ್ಸು ಸುಮ್ಕಿರ್ತದೆ ಅಂತ ನಂಗೇನು ನಂಬ್ಕೆ ಇರ್ನಿಲ್ಲ ಕಣಪ್ಪ. 'ತಾಯಿ ಇಷ್ಟ, ಆದಂಗಾಗ್ಲಿ' ಅಂತ ನೀನು ನಿಂತು ನೋಡಾಕಿಲ್ಲ ಅಂತ ನಂಬ್ಕೆ ಇತ್ತು."

ಅಷ್ಟರಲ್ಲಿ ಚಕ್ರ ನಿಧಾನವಾಗಿ ನಿಂತಿತು. ದೇವರಾಜ್ ಏಣಿ ಹತ್ತಿ, ಮೋಟಾರಿನಿಂದ ಚಕ್ರಕ್ಕೆ ಹೋಗಿದ್ದ ಬೆಲ್ಟನ್ನು ಸನ್ನೆಗೋಲಿನಿಂದ ಜಾರಿಸಿದ. ಬೆಲ್ಟು ದಪ್ಪನೆ ನೆಲಕ್ಕೆ ಬಿತ್ತು. ಆ ಸದ್ದಿಗೆ ವೇಣಿ ಬೆಚ್ಚಿ, ತನ್ನ ಎರಡೂ ಕೈಗಳನ್ನು ಗಬಕ್ಕನೆ ಎದೆಗೆ ಎಳೆದುಕೊಂಡಳು.